ಸೊಂಟನೋವಿಗೆ ಸ್ಪೈನ್ ಸೆಂಟರ್‌ಗೆ ಹೊರಡುವ ಮೊದಲು: ನಮ್ಮ ಸಾಗರದ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ ಹೇಗಿದೆ

ಸಾಗರದಲ್ಲಿ ನಮ್ಮ ಮನೆಮಂದಿಯೆಲ್ಲ ಹೋಗುವ ಒಂದು ಕ್ಲಿನಿಕ್ ಇದೆ. ಒಬ್ಬರೇ ಡಾಕ್ಟರು, ಒಬ್ಬ ಕಾಂಪೌಂಡರ್, ಹೊರಗೆ ಎರಡು ಬೆಂಚು. ಜ್ವರ, ಕೆಮ್ಮು, ಬಿಪಿ, ಶುಗರ್ ಎಲ್ಲದಕ್ಕೂ ಅವರೇ. ಹೆಸರು ಹಾಕುವುದು ಅವರಿಗೆ ಇಷ್ಟವಿಲ್ಲ, ಹಾಗಾಗಿ ಹಾಕುತ್ತಿಲ್ಲ. ನಾನು ಬರೆಯುತ್ತಿರುವುದು ಒಂದೇ ವಿಷಯ: ಸೊಂಟನೋವು ಅಂತ ಹೋದವರನ್ನು ಅವರು ಹೇಗೆ ನೋಡುತ್ತಾರೆ ಅನ್ನೋದು. ಯಾಕೆ ಬರೆಯಬೇಕು ಅನಿಸಿತು ಅಂದರೆ, ಫೋನಿನಲ್ಲಿ ಸೊಂಟನೋವು ಅಂತ ಹುಡುಕಿದರೆ ಬರುವುದೆಲ್ಲ ಸ್ಪೈನ್ ಸೆಂಟರ್ ಜಾಹೀರಾತು, ಬೆಲ್ಟು, ಎಣ್ಣೆ, ಹಾಸಿಗೆ. ಬೀದಿಕೊನೆಯ ಎಂಬಿಬಿಎಸ್ ಡಾಕ್ಟರ ಹತ್ತಿರ ಹೋಗಿ ಅಂತ ಯಾರೂ ಹೇಳುವುದಿಲ್ಲ. ಆದರೆ ಹತ್ತರಲ್ಲಿ ಒಂಬತ್ತು ಜನರ ಸೊಂಟನೋವಿಗೆ ಬೇಕಾದದ್ದು ಅಲ್ಲೇ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಈ ಕ್ಲಿನಿಕ್ಕಿಗೆ ಐದಕ್ಕೆ ನಾಲ್ಕು ನಕ್ಷತ್ರ. ಒಂದನ್ನು ಕಡಿಮೆ ಮಾಡಿದ್ದಕ್ಕೂ ಕಾರಣ ಇದೆ, ಅದನ್ನೂ ಬರೆದಿದ್ದೇನೆ.

ನನ್ನದು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಾರ್ಚ್ ಕೊನೆಯಲ್ಲಿ ಕೂತಲ್ಲೇ ಕೂತಿರಬೇಕು. ಅದೇ ಸಮಯದಲ್ಲಿ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸರಿಸುವಾಗ ಸೊಂಟ ಹಿಡಿದುಕೊಂಡಿತು. ಮಾರನೇ ದಿನ ಬೆಳಿಗ್ಗೆ ಎಡಗಾಲಿನ ಹಿಂಭಾಗದಲ್ಲಿ ಕರೆಂಟ್ ಹೊಡೆದ ಹಾಗೆ ನೋವು. ಕ್ಲಿನಿಕ್ಕಿಗೆ ಹೋದೆ. ಅವರು ತಕ್ಷಣ ಚೀಟಿ ಬರೆಯಲು ಶುರುಮಾಡಲಿಲ್ಲ. ಮೊದಲು ನನ್ನ ಮಾತು ಪೂರ್ತಿ ಕೇಳಿದರು, ಆಮೇಲೆ ಪ್ರಶ್ನೆ ಕೇಳುತ್ತಾ ಹೋದರು. ನೋವು ಮೊಣಕಾಲಿನ ಕೆಳಗೆ ಇಳಿಯುತ್ತಾ? ಕೆಮ್ಮಿದರೆ ಜಾಸ್ತಿಯಾಗುತ್ತಾ? ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಾ? ಸಂಜೆ ಹೊತ್ತು ಜ್ವರ ಬರುತ್ತಾ? ತೂಕ ಇಳಿದಿದೆಯಾ? ಹಿಂದೆ ಕ್ಯಾನ್ಸರ್ ಏನಾದರೂ ಆಗಿತ್ತಾ? ತುಂಬಾ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದೀರಾ? ಮೂತ್ರ ಸಲೀಸಾಗಿ ಹೋಗುತ್ತಾ? ಕೂರುವ ಜಾಗದಲ್ಲಿ ಜೋಮು ಹಿಡಿದ ಹಾಗೆ ಆಗುತ್ತಾ? ಕೊನೆಯ ಎರಡನ್ನು ಒತ್ತಿ ಒತ್ತಿ ಕೇಳಿದರು. ಮೂತ್ರ ಕಟ್ಟಿಕೊಂಡರೆ, ತೊಡೆಗಳ ನಡುವೆ ಸ್ಪರ್ಶ ಗೊತ್ತಾಗದೇ ಹೋದರೆ, ಎರಡೂ ಕಾಲಿನ ಶಕ್ತಿ ಕುಂದಿದರೆ ನಾಳೆ ನೋಡೋಣ ಅನ್ನಬೇಡಿ, ರಾತ್ರಿಯಾದರೂ ಶಿವಮೊಗ್ಗಕ್ಕೆ ಹೊರಡಿ, ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಿಹೋದರೆ ತಡವಾದಷ್ಟೂ ಅದು ಮತ್ತೆ ಸರಿಹೋಗುವುದು ಕಷ್ಟ ಅಂತ ಹೇಳಿದರು. ಇದನ್ನು ಓದುತ್ತಿರುವ ಎಲ್ಲರೂ ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಮೇಲೆ ಮಲಗಿಸಿ ನೋಡಿದರು. ಮೊಣಕಾಲು ಮಡಚದೆ ಒಂದೊಂದೇ ಕಾಲನ್ನು ನಿಧಾನವಾಗಿ ಎತ್ತಿದರು, ಎಡಗಾಲು ಅರ್ಧಕ್ಕೆ ಬರುವಷ್ಟರಲ್ಲಿ ಮೀನಖಂಡದವರೆಗೂ ನೋವು ಇಳಿಯಿತು. ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿಯಲು ಹೇಳಿ ಅದನ್ನು ಒತ್ತಿ ನೋಡಿದರು. ಮೊಣಕಾಲಿಗೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೂ ಸುತ್ತಿಗೆಯಿಂದ ತಟ್ಟಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಲ್ಲೂ ನಡೆಸಿದರು. ಪಾದದ ಅಂಚಿನಲ್ಲಿ ಹತ್ತಿ ಮುಟ್ಟಿಸಿ ಗೊತ್ತಾಗುತ್ತಾ ಅಂತ ಕೇಳಿದರು. ಯಾವ ನರದ ಬುಡದಲ್ಲಿ ತೊಂದರೆ ಇದೆ, ಕಾಲಿನ ಬಲ ಕಡಿಮೆ ಆಗಿದೆಯಾ ಅನ್ನುವುದು ಇಷ್ಟರಲ್ಲೇ ಗೊತ್ತಾಗುತ್ತದಂತೆ. ಯಂತ್ರ ಇಲ್ಲ, ಖರ್ಚಿಲ್ಲ, ಬೇಕಾಗಿರುವುದು ಹತ್ತು ನಿಮಿಷ ಮತ್ತು ತಾಳ್ಮೆ. ನಿಮ್ಮ ಡಾಕ್ಟರು ನಿಮ್ಮನ್ನು ಕುರ್ಚಿಯಿಂದ ಏಳಿಸದೇ, ಬೆನ್ನು ಮುಟ್ಟದೇ ಚೀಟಿ ಬರೆದರೆ ನಾನಂತೂ ಅದನ್ನು ಸೊಂಟನೋವಿನ ತಪಾಸಣೆ ಅಂತ ಒಪ್ಪುವುದಿಲ್ಲ.

ಅಷ್ಟೆಲ್ಲ ಪ್ರಶ್ನೆ ಯಾಕೆ ಬೇಕು ಅನ್ನುವವರಿಗೆ ನಮ್ಮ ದೂರದ ನೆಂಟರೊಬ್ಬರ ವಿಷಯ ಹೇಳುತ್ತೇನೆ. ತಿಂಗಳುಗಟ್ಟಲೆ ಬೆನ್ನುನೋವು. ಅವರು ಇರುವ ಊರಿನಲ್ಲಿ ಪ್ರತಿ ಸಲ ಒಂದು ನೋವಿನ ಸೂಜಿ ಹಾಕಿ ಕಳಿಸುತ್ತಿದ್ದರು. ಇಲ್ಲಿಗೆ ಬಂದಾಗ ನಮ್ಮ ಡಾಕ್ಟರು ಕೇಳಿದ್ದು ಅದೇ ಸಂಜೆ ಜ್ವರ, ಅದೇ ತೂಕ. ಎರಡಕ್ಕೂ ಹೌದು ಅಂದರು. ಬೆನ್ನಿನ ಒಂದು ಮೂಳೆಯ ಮೇಲೆ ತಟ್ಟಿದರೆ ಚೀರುವಷ್ಟು ನೋವು. ಅದೇ ದಿನ ರಕ್ತ ಪರೀಕ್ಷೆ, ಎಕ್ಸ್‌ರೇ, ಆಮೇಲೆ ಎಂಆರ್‌ಐಗೂ ಬರೆದುಕೊಟ್ಟರು. ಬೆನ್ನುಮೂಳೆಯ ಟಿಬಿ ಅಂತ ಗೊತ್ತಾಯಿತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಟಿಬಿ ಮೂಳೆಗೆ ಬಂದರೆ ಹೆಚ್ಚಾಗಿ ಬರುವ ಜಾಗ ಬೆನ್ನೇ. ಔಷಧಿ ಸರ್ಕಾರದಿಂದ ಉಚಿತ, ಆದರೆ ಪತ್ತೆಯಾಗಬೇಕಲ್ವಾ. ಇನ್ನೊಂದು ನನಗೆ ತುಂಬಾ ಹಿಡಿಸಿದ್ದು, ಕೊಟ್ಟಿಗೆ ಇರುವ ಮನೆಯವರಿಗೆ ಈ ಡಾಕ್ಟರು ಬೇರೆಯೇ ಪ್ರಶ್ನೆ ಕೇಳುತ್ತಾರೆ. ಹಸಿ ಹಾಲು ಕುಡಿಯುತ್ತೀರಾ, ದನ ಕಂದು ಹಾಕಿತ್ತಾ, ಅದನ್ನು ಬರಿಗೈಯಲ್ಲಿ ತೆಗೆದಿರಾ ಅಂತ. ದನದಿಂದ ಬರುವ ಬ್ರುಸೆಲ್ಲೋಸಿಸ್ ಕೂಡ ಬಿಟ್ಟು ಬಿಟ್ಟು ಬರುವ ಜ್ವರದ ಜೊತೆ ಸೊಂಟಕ್ಕೆ ಹಿಡಿಯುತ್ತದೆ. ನಮ್ಮ ಕಡೆಯ ಬದುಕು ಗೊತ್ತಿರುವವರು ಮಾತ್ರ ಹೀಗೆ ಕೇಳುತ್ತಾರೆ. ಇಪ್ಪತ್ತೈದರ ಹುಡುಗರು ಬಂದರೆ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ ಇರುತ್ತಾ, ಓಡಾಡಿದ ಮೇಲೆ ಕಡಿಮೆಯಾಗುತ್ತಾ ಅಂತ ಕೇಳುತ್ತಾರೆ. ಅದು ಬೆನ್ನಿನ ಕೀಲುಗಳಿಗೆ ಉರಿಯೂತ ಬರುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರಬಹುದಾ ಅಂತ ನೋಡುವುದಕ್ಕೆ. ಆ ಕಾಯಿಲೆ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಈಗ ಸ್ಕ್ಯಾನ್ ವಿಷಯ. ನಾನೇ ಕೇಳಿದೆ, ಎಂಆರ್‌ಐ ಬೇಡವಾ ಡಾಕ್ಟ್ರೇ ಅಂತ. ಈಗ ಬೇಡ ಅಂದರು. ಕಾಲಿನ ಬಲ ಸರಿಯಿದೆ, ಅಪಾಯದ ಲಕ್ಷಣ ಒಂದೂ ಇಲ್ಲ, ಆರು ವಾರದಲ್ಲಿ ಕಡಿಮೆಯಾಗದಿದ್ದರೆ ಅಥವಾ ನಡುವೆ ಕಾಲಿನ ಬಲ ಕುಂದಿದರೆ ಆಗ ಮಾಡಿಸೋಣ ಅಂದರು. ಇದು ಅವರೊಬ್ಬರ ಹಟ ಅಲ್ಲ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2016ರಲ್ಲೇ ಫ್ಯಾಮಿಲಿ ಡಾಕ್ಟರುಗಳಿಗೆ ಸೊಂಟನೋವಿಗೆ ಸುಮ್ನೆ ಸ್ಕ್ಯಾನ್ ಬರೆಯಬೇಡಿ ಅಂತ ಹೇಳಿದೆ. ಕಾರಣ ಏನೆಂದರೆ, ನೋವೇ ಇಲ್ಲದವರ ಸೊಂಟದಲ್ಲೂ ಸ್ಕ್ಯಾನಿನಲ್ಲಿ ಏನೇನೋ ಕಾಣುತ್ತದೆ. 2015ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆಯಲ್ಲಿ ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಲೆಕ್ಕ ಹಾಕಿದ್ದಾರೆ. ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿರುವುದು ಇಪ್ಪತ್ತರ ವಯಸ್ಸಿನವರಲ್ಲಿ ಶೇ 30, ಐವತ್ತರವರಲ್ಲಿ ಶೇ 60, ಎಂಬತ್ತರವರಲ್ಲಿ ಶೇ 84. ಇವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದವರು! ಡಾಕ್ಟರು ಇದನ್ನೇ ತಲೆಕೂದಲು ನರೆತ ಹಾಗೆ ಅಂದರು. ನರೆ ಇದೆ ಅಂದ ಮಾತ್ರಕ್ಕೆ ತಲೆನೋವು ಅದರಿಂದಲೇ ಬಂತು ಅನ್ನಲಾಗುವುದಿಲ್ಲ ಅಂತ.

ಇದರ ಎದುರಿಗೆ ಬೆಂಗಳೂರಿನಲ್ಲಿರುವ ನನ್ನ ಭಾವನ ಕಥೆ ಇಡಿ. ಸಾಫ್ಟ್‌ವೇರ್ ಕೆಲಸ, ಅವರಿಗೂ ಇಂಥದ್ದೇ ನೋವು. ಒಂದು ದೊಡ್ಡ ಆಸ್ಪತ್ರೆಗೆ ಹೋದರು. ಡಾಕ್ಟರನ್ನು ನೋಡುವ ಮೊದಲೇ ಎಂಆರ್‌ಐ, ಅಲ್ಲಿಗೇ ಏಳೆಂಟು ಸಾವಿರ. ಎಲ್ 4, ಎಲ್ 5 (ಸೊಂಟದ ನಾಲ್ಕನೇ, ಐದನೇ ಮೂಳೆ) ನಡುವೆ ಡಿಸ್ಕ್ ಉಬ್ಬಿದೆ, ಸವೆದಿದೆ ಅಂತ ವರದಿ. ಅದನ್ನು ಬಿಡಿಸಿ ಹೇಳುವವರು ಯಾರೂ ಇಲ್ಲ. ಅವರು ಅಂದಿನಿಂದ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟರು. ಬಗ್ಗುವುದನ್ನು ಬಿಟ್ಟರು. ಬೈಕ್ ಮಾರಿದರು. ನನ್ನ ಬೆನ್ನು ಮುಗಿದುಹೋಯಿತು ಅಂತಲೇ ಮಾತು. ನೋವು ಹೋದ ಮೇಲೂ ಆ ಹೆದರಿಕೆ ಹೋಗಲಿಲ್ಲ. ಮೂವತ್ತೆಂಟರ ಗಂಡಸು ಚೊಂಬು ಎತ್ತಲೂ ಹೆಂಡತಿಯನ್ನು ಕರೆಯುವುದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ, ಭಾವನ ಮೇಲಲ್ಲ, ಆ ಒಂದು ಹಾಳೆಯನ್ನು ಕೈಗೆ ಕೊಟ್ಟು ಸುಮ್ಮನಾದವರ ಮೇಲೆ. ಎಕ್ಸ್‌ರೇ ಆದರೂ ತೆಗೆಸಿಬಿಡೋಣ ಅನ್ನುವವರು ಇದನ್ನೂ ತಿಳಿದಿರಲಿ: ಸೊಂಟದ ಎಕ್ಸ್‌ರೇಯಲ್ಲಿ ಬೀಳುವ ವಿಕಿರಣ ಎದೆಯ ಎಕ್ಸ್‌ರೇಯ ಹತ್ತು ಪಟ್ಟಿಗೂ ಜಾಸ್ತಿ, ಡಿಸ್ಕಾಗಲಿ ನರವಾಗಲಿ ಅದರಲ್ಲಿ ಕಾಣುವುದೂ ಇಲ್ಲ.

ಔಷಧಿಯಲ್ಲಿ ಈ ಡಾಕ್ಟರ ಕೈ ಬಿಗಿ. ಊಟ ಆದ ಮೇಲೆ ತಗೊಳ್ಳಲು ಒಂದು ನೋವಿನ ಮಾತ್ರೆ, ಅದೂ ಕೆಲವೇ ದಿನಕ್ಕೆ. ಬರೆಯುವ ಮೊದಲು ಹೊಟ್ಟೆ ಹುಣ್ಣು, ಕಿಡ್ನಿ, ಹೃದಯ, ಬಿಪಿ ಎಲ್ಲ ಕೇಳಿದರು. ನನ್ನ ಅಮ್ಮನಿಗೆ ಸೊಂಟ ಹಿಡಿದಾಗ ಅದೇ ಮಾತ್ರೆಯನ್ನು ಕೊಡಲಿಲ್ಲ. ಅಮ್ಮ ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೋಗಿಸುವ ಮಾತ್ರೆಯನ್ನೂ ತಗೊಳ್ಳುತ್ತಾರೆ. ಅವೆರಡರ ಮೇಲೆ ಡೈಕ್ಲೋಫೆನಾಕ್ ತರಹದ ನೋವಿನ ಮಾತ್ರೆ ಬಿದ್ದರೆ ಕಿಡ್ನಿಗೆ ಪೆಟ್ಟು ಅಂತ ಹೇಳಿ ಬಿಸಿನೀರಿನ ಚೀಲ, ಹಚ್ಚುವ ಜೆಲ್ ಇಷ್ಟಕ್ಕೇ ನಿಲ್ಲಿಸಿದರು. ಮೆಡಿಕಲ್ ಶಾಪಿನಲ್ಲಿ ಸೊಂಟನೋವು ಅಂದರೆ ಸಾಕು, ಯಾರಿಗೂ ಏನೂ ಕೇಳದೇ ಸ್ಟ್ರಿಪ್ ಕೊಡುತ್ತಾರೆ, ಅಲ್ವಾ? ಅದಕ್ಕೇ ಇದನ್ನು ಒತ್ತಿ ಬರೆದೆ. ಸ್ನಾಯು ಸಡಿಲಾಗಲಿ ಅಂತ ಥಯೋಕಾಲ್ಚಿಕೋಸೈಡ್ ಇರುವ ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಯುರೋಪಿನಲ್ಲಿ ಅದನ್ನು 7 ದಿನಕ್ಕಿಂತ ಜಾಸ್ತಿ ನುಂಗಬೇಡಿ, ಗರ್ಭಿಣಿಯರಿಗೆ ಕೊಡಲೇಬೇಡಿ ಅಂತ ಕಟ್ಟು ಹಾಕಿದ್ದಾರೆ. ಪ್ಯಾರಾಸಿಟಮಾಲ್ ಸಾಕಾ ಅಂತ ನಾನು ಕೇಳಿದ್ದಕ್ಕೆ ಡಾಕ್ಟರು ಸಿಡ್ನಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದ ಬಗ್ಗೆ ಹೇಳಿದರು. ಸಾವಿರದ ಆರುನೂರಕ್ಕೂ ಹೆಚ್ಚು ಜನ ಇದ್ದರು. ನಿಜವಾದ ಮಾತ್ರೆ ತಗೊಂಡವರಿಗೂ ಬರೀ ಸಕ್ಕರೆ ಮಾತ್ರೆಯಂಥದ್ದು ತಗೊಂಡವರಿಗೂ ಗುಣವಾಗಲು ಹಿಡಿದದ್ದು ಹೆಚ್ಚುಕಡಿಮೆ ಒಂದೇ, 16ರಿಂದ 17 ದಿನ.

ಸೂಜಿಯ ಬಗ್ಗೆ ಅಲ್ಲಿ ದಿನವೂ ಜಗಳ. ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಒಂದು ಇಂಜೆಕ್ಷನ್ ಹಾಕಿ ಡಾಕ್ಟ್ರೇ ಅನ್ನುವವರೇ. ಮಾತ್ರೆ ನುಂಗಲು ಆಗುವವರಿಗೆ ಸೂಜಿಯಿಂದ ವಿಶೇಷ ಲಾಭ ಇಲ್ಲ ಅಂತ ಡಾಕ್ಟರು ಎಲ್ಲರಿಗೂ ಬೇಸರವಿಲ್ಲದೇ ಹೇಳುತ್ತಾರೆ. ಕೆಲವರು ಎದ್ದು ಬೇರೆ ಕಡೆ ಹೋಗುತ್ತಾರೆ. ಹೋದಲ್ಲಿ ನೋವಿನ ಔಷಧಿ ಜೊತೆ ಸ್ಟೀರಾಯ್ಡ್ ಬೆರೆಸಿ ಹಾಕಿಬಿಟ್ಟರೆ ತಕ್ಷಣ ಹಗುರ ಅನಿಸುತ್ತದೆ. ಅದೇ ತಿಂಗಳುಗಟ್ಟಲೆ ನಡೆದರೆ ಮೂಳೆ ಟೊಳ್ಳಾಗಿ ಬೆನ್ನಿನ ಮೂಳೆಯೇ ಕುಸಿಯಬಹುದು.

ಮಲಗಿಕೊಂಡು ರೆಸ್ಟ್ ತಗೊಳ್ಳಲಾ ಅಂತ ಕೇಳಿದೆ. ಬೇಡವೇ ಬೇಡ ಅಂದರು. 1995ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ನಗರದ ಸೊಂಟನೋವಿನ ನೌಕರರನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದಕ್ಕೆ ಎರಡು ದಿನ ಹಾಸಿಗೆ, ಒಂದಕ್ಕೆ ಬೆನ್ನಿನ ವ್ಯಾಯಾಮ, ಇನ್ನೊಂದಕ್ಕೆ ತಡೆದಷ್ಟು ಮಾಮೂಲಿ ಓಡಾಟ. ಬೇಗ ಚೇತರಿಸಿಕೊಂಡವರು ಮಾಮೂಲಿ ಓಡಾಡಿದವರು. ಆದರೆ ಇದನ್ನು ಎಲ್ಲರಿಗೂ ಒಂದೇ ಥರ ಹೇಳಿದರೆ ಆಗುವುದಿಲ್ಲ. ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕೂತು ಗಂಟೆಗಟ್ಟಲೆ ಸುಲಿಯುತ್ತಾರೆ, ಕೂಲಿ ಸುಲಿದಷ್ಟಕ್ಕೆ, ಎದ್ದರೆ ದುಡ್ಡು ಕಡಿಮೆ. ಅವರಿಗೆ ಬರೀ ಕೆಲಸ ಮಾಡಿ ಅಂದರೂ ತಪ್ಪು, ಕೆಲಸ ಬಿಡಿ ಅಂದರೂ ತಪ್ಪು. ಈ ಡಾಕ್ಟರು ಹೇಳುವುದು ಹೀಗೆ: ಒಂದು ಬುಟ್ಟಿ ತುಂಬಿದ ಕೂಡಲೇ ನೀವೇ ಎದ್ದು ಹೋಗಿ ಸುರಿದು ಬನ್ನಿ, ಬೇರೆಯವರಿಗೆ ಕೊಡಬೇಡಿ. ಎದ್ದ ಹಾಗೂ ಆಯಿತು, ಬೆನ್ನು ನೀಡಿದ ಹಾಗೂ ಆಯಿತು. ನನಗೆ ಹೇಳಿದ್ದು ದಿನಾ ನಡೆಯಿರಿ ಅಂತ. ಮೊದಲು ಬಸ್‌ಸ್ಟಾಂಡಿನವರೆಗೆ, ಆಮೇಲೆ ಗಣಪತಿ ಕೆರೆಯ ಕಡೆ. ನೋವಾದರೂ ಪರವಾಗಿಲ್ಲ, ನೋವು ಅಂದರೆ ಒಳಗೆ ಏನೋ ಮುರಿಯುತ್ತಿದೆ ಅಂತ ಅರ್ಥ ಅಲ್ಲ ಅಂದರು. ಈ ಮಾತಿನಿಂದ ನನಗಾದ ಧೈರ್ಯ ಯಾವ ಮಾತ್ರೆಯಿಂದಲೂ ಆಗಲಿಲ್ಲ. ಕಾಲಿನ ನೋವು ಹೋಗಲು ಸೊಂಟಕ್ಕಿಂತ ಜಾಸ್ತಿ ಸಮಯ ಬೇಕಾಯಿತು, ಅದನ್ನೂ ಮೊದಲೇ ಹೇಳಿದ್ದರು. ಈಗಲೂ ನಡಿಗೆ ಬಿಟ್ಟಿಲ್ಲ. 2024ರಲ್ಲಿ ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗ ಬಂತು, ಅದರಲ್ಲಿ ಸೊಂಟನೋವು ಗುಣವಾದವರನ್ನು ನಿಧಾನವಾಗಿ ನಡಿಗೆಗೆ ಹಚ್ಚಿದರು. ನಡಿಗೆ ಶುರುಮಾಡಿದವರಲ್ಲಿ ಅರ್ಧ ಜನರಿಗೆ ನೋವು ಮತ್ತೆ ಬರಲು 208 ದಿನ ಹಿಡಿಯಿತು, ಏನೂ ಮಾಡದವರಲ್ಲಿ 112 ದಿನ.

ಉಳುಕು ತೆಗೆಸುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು, ಎಣ್ಣೆ ಹಚ್ಚಿ ತಿಕ್ಕಿಸುವುದು ಇವೆಲ್ಲ ನಮ್ಮ ಕಡೆ ಇದ್ದೇ ಇದೆ. ಡಾಕ್ಟರು ಇದಕ್ಕೆ ಯಾರನ್ನೂ ಬೈಯುವುದಿಲ್ಲ. ಎಣ್ಣೆ, ಬಿಸಿನೀರು ಹಿತವಾದರೆ ಮಾಡಿಸಿಕೊಳ್ಳಿ ಅನ್ನುತ್ತಾರೆ. ವಯಸ್ಸಾದವರ ಬೆನ್ನಿಗೆ ಒದೆಸುವುದು, ಲಟಕ್ ಅನ್ನುವ ಹಾಗೆ ತಿರುಚುವುದು ಮಾತ್ರ ಕೂಡದು, ಮೂಳೆ ತೆಳುವಾಗಿದ್ದರೆ ಮುರಿಯುತ್ತದೆ ಅಂತ ಖಡಾಖಂಡಿತ ಹೇಳುತ್ತಾರೆ.

ಇನ್ನು ಒಂದು ನಕ್ಷತ್ರ ಕಡಿಮೆ ಯಾಕೆ ಅನ್ನೋದು. ಮೊದಲನೆಯದಾಗಿ ಹೆಂಗಸರ ಸೊಂಟನೋವು. ನನ್ನನ್ನು ಇಷ್ಟು ಚೆನ್ನಾಗಿ ನೋಡಿದವರೇ ಬಾಣಂತನ ಮುಗಿಸಿ ಬಂದ ನನ್ನ ತಂಗಿಗೆ ಬರೀ ಕ್ಯಾಲ್ಸಿಯಂ ಬರೆದುಕೊಟ್ಟು, ಎಲ್ಲರಿಗೂ ಇರುತ್ತಮ್ಮ, ಹೋಗುತ್ತೆ ಅಂದರು. ಹಾಸಿಗೆಯ ಮೇಲೆ ಮಲಗಿಸಿ ನೋಡಲಿಲ್ಲ, ನಡೆಸಿ ನೋಡಲಿಲ್ಲ. ಹೊರಗಿನ ಬೆಂಚಿಗೆ ಎಲ್ಲಾ ಕೇಳುವ ಹಾಗೆ ತೆಳು ಪರದೆ, ಮೂತ್ರದ ವಿಷಯ, ಮುಟ್ಟಿನ ವಿಷಯ ಅಲ್ಲಿ ಯಾರು ಬಾಯಿಬಿಡುತ್ತಾರೆ? ಒಬ್ಬ ನರ್ಸ್ ಇದ್ದಿದ್ದರೆ, ಒಂದು ಬಾಗಿಲು ಇದ್ದಿದ್ದರೆ ಬೇರೆಯೇ ಆಗುತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಬಗ್ಗುವವರು, ಎತ್ತುವವರು ಹೆಂಗಸರೇ. ಅವರ ನೋವಿಗೂ ಅದೇ ಹತ್ತು ನಿಮಿಷ ಸಿಗಲೇಬೇಕು. ಇದನ್ನು ಡಾಕ್ಟರಿಗೇ ಹೇಳಿದ್ದೇನೆ, ಕೋಪ ಮಾಡಿಕೊಳ್ಳಲಿಲ್ಲ, ತಂಗಿಯನ್ನು ಮತ್ತೆ ಕರೆದುಕೊಂಡು ಬನ್ನಿ ಅಂದರು.

ಎರಡನೆಯದು ಬೆಲ್ಟು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಬೆಲ್ಟು ಬೇಡ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ, ಅಲ್ಟ್ರಾಸೌಂಡ್ ಚಿಕಿತ್ಸೆ ಬೇಡ, ವ್ಯಾಯಾಮ ಮತ್ತು ತಿಳಿವಳಿಕೆ ಮುಖ್ಯ ಅಂತ ಅದರಲ್ಲಿದೆ. ಆದರೂ ನಮ್ಮ ಡಾಕ್ಟರು ಯಾರಾದರೂ ತುಂಬಾ ಕೇಳಿದರೆ ಬೆಲ್ಟ್ ಬರೆದುಕೊಟ್ಟುಬಿಡುತ್ತಾರೆ. ನರಕ್ಕೆ ಒಳ್ಳೆಯದು ಅಂತ ಕೆಂಪು ವಿಟಮಿನ್ ಕ್ಯಾಪ್ಸೂಲ್ ಕೂಡ ಚೀಟಿಯ ಕೊನೆಯಲ್ಲಿ ಇರುತ್ತದೆ. ರಕ್ತದಲ್ಲಿ ಬಿ12 ಕಡಿಮೆ ಇದೆಯಾ ಅಂತ ನೋಡದೇ ಅದನ್ನು ಕೊಡುವುದು ಬಡವರ ಜೇಬಿಗೆ ಸುಮ್ನೆ ಭಾರ. ವ್ಯಾಯಾಮವನ್ನು ಬಾಯಲ್ಲಿ ಹೇಳಿ ಒಮ್ಮೆ ಮಾಡಿ ತೋರಿಸುತ್ತಾರೆ, ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಚಿತ್ರ ಇರುವ ಒಂದು ಹಾಳೆ ಕನ್ನಡದಲ್ಲಿ ಮಾಡಿಸಿ ಕೊಟ್ಟರೆ ಎಷ್ಟು ಅನುಕೂಲ. ಫಿಸಿಯೋಥೆರಪಿ ಜೊತೆಗೆ ಸಂಬಂಧವೂ ಅಷ್ಟಕ್ಕಷ್ಟೇ, ತೀರಾ ತಡವಾದ ಮೇಲೆ ಕಳಿಸುತ್ತಾರೆ.

ಹೋಗುವವರಿಗೆ ಕೆಲವು ಮಾತು. ಫೀಸು 200 ರೂಪಾಯಿ, ವಾರದೊಳಗೆ ಮತ್ತೆ ತೋರಿಸಿದರೆ ತಗೊಳ್ಳುವುದಿಲ್ಲ. ಟೋಕನ್ ಇಲ್ಲ, ಬಂದವರು ಹೆಸರು ಬರೆಸಬೇಕು. ಸಂತೆಯ ದಿನ ಹೋಗಬೇಡಿ, ಹಳ್ಳಿಗಳಿಂದ ಜನ ತುಂಬಿರುತ್ತಾರೆ, ಆ ದಿನ ಅವರಿಗೂ ಮಾತಾಡಲು ಸಮಯ ಇರುವುದಿಲ್ಲ. ಸಂಜೆ ಆರರ ನಂತರ ಆರಾಮ. ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ, ಬಿಪಿ, ಶುಗರ್, ಹೋಮಿಯೋಪತಿ, ಆಯುರ್ವೇದ ಯಾವುದಾದರೂ ಸರಿ. ಹಳೆಯ ಸ್ಕ್ಯಾನ್ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಹೊಸದಾಗಿ ಮಾಡಿಸಿಕೊಂಡು ಹೋಗಬೇಡಿ. ಸಡಿಲ ಬಟ್ಟೆ ಹಾಕಿಕೊಂಡು ಹೋಗಿ, ಕಾಲು ಎತ್ತಿ ನೋಡಬೇಕಾಗುತ್ತದೆ. ಹೆಂಗಸರಾದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ ಮತ್ತು ಮಲಗಿಸಿ ನೋಡಿ ಡಾಕ್ಟ್ರೇ ಅಂತ ನೀವೇ ಬಾಯಿಬಿಟ್ಟು ಕೇಳಿ. ಭಾನುವಾರ ಬಾಗಿಲು ಹಾಕಿರುತ್ತದೆ, ಆಗ ತುರ್ತು ಇದ್ದರೆ ತಾಲ್ಲೂಕು ಆಸ್ಪತ್ರೆ.